ಡೈಕ್ಲೋಫೆನಾಕ್ ಆಲ್ಜಿನೇಟ್ ಬೀಡ್ಸ್ ಮಾಡೋದು ಹೇಗೆ, ಜೆಲ್ ನಿಜವಾಗ್ಲೂ ಸ್ಮಾರ್ಟಾ ಅಂತ ಪರೀಕ್ಷೆ ಮಾಡೋದು ಹೇಗೆ

ನನ್ನ ಎಂ.ಫಾರ್ಮ್ ವೈವಾದಲ್ಲಿ ಆಗಿದ್ದು ಮೊದ್ಲು ಹೇಳ್ಬಿಡ್ತೀನಿ. ಆಲ್ಜಿನೇಟ್ (ಕಡಲಕಳೆಯಿಂದ ತೆಗೆಯೋ ಪಾಲಿಮರ್) ಬೀಡ್ಸ್, ಅಂದ್ರೆ ಸಣ್ಣ ಜೆಲ್ ಕಾಳುಗಳನ್ನ ಮಾಡಿದ್ದೆ, ಒಳಗೆ ನೋವಿನ ಮಾತ್ರೆಯ ಡೈಕ್ಲೋಫೆನಾಕ್ ಸೋಡಿಯಂ, ಗ್ರಾಫ್ ಅಂದ್ರೆ ಗ್ರಾಫು, ಹೊಟ್ಟೆಯ ಥರದ ಆ್ಯಸಿಡ್‌ನಲ್ಲಿ 2 ಗಂಟೆ ನೆಲ ಕಚ್ಚಿಕೊಂಡಿದ್ದ ಡ್ರಗ್ ರಿಲೀಸ್ ಗೆರೆ, ಕರುಳಿನ ಥರದ ಪಿಎಚ್ 6.8 ಬಫರ್‌ಗೆ (ಪಿಎಚ್ ಸುಲಭಕ್ಕೆ ಬದಲಾಗದ ದ್ರಾವಣ) ಹಾಕಿದ್ದೇ ತಡ ಸೊಯ್ಯಂತ ಮೇಲೆ ಹೋಗಿತ್ತು. ಥೀಸಿಸ್ ಮೇಲೆ ದಪ್ಪ ಅಕ್ಷರದಲ್ಲಿ "ಪಿಎಚ್‌ಗೆ ಸ್ಪಂದಿಸುವ ಸ್ಮಾರ್ಟ್ ಹೈಡ್ರೋಜೆಲ್" ಅಂತ ಬೇರೆ. ಎಕ್ಸ್‌ಟರ್ನಲ್ ಎಕ್ಸಾಮಿನರ್ ಆಗಿ ಬಂದವರು ನಾಲ್ಕು ಪುಟ ತಿರುವಿ ಒಂದೇ ಪ್ರಶ್ನೆ ಕೇಳಿದ್ರು, "ಜೆಲ್ಲೇ ಇಲ್ದೆ ಬರೀ ಡ್ರಗ್ ಪೌಡರ್ ಆ್ಯಸಿಡ್‌ಗೆ ಹಾಕಿದ್ರೆ ಎಷ್ಟಮ್ಮ ರಿಲೀಸ್ ಆಗತ್ತೆ?" ನಾನು ಆ ಪ್ರಯೋಗ ಮಾಡೇ ಇರ್ಲಿಲ್ಲ. ಡೈಕ್ಲೋಫೆನಾಕ್ ಆ್ಯಸಿಡ್‌ನಲ್ಲಿ ಕರಗೋದೇ ಇಲ್ಲ ಅನ್ನೋದು ಸೆಕೆಂಡ್ ಇಯರ್ ಹುಡುಗರಿಗೂ ಗೊತ್ತು, ನನಗೂ ಗೊತ್ತಿತ್ತು, ಆದ್ರೆ ನನ್ನ ಗ್ರಾಫಿಗೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದಿರ್ಲಿಲ್ಲ ಅಷ್ಟೆ.

ಆಮೇಲೆ ಎಷ್ಟೋ ಜ್ಯೂನಿಯರ್‌ಗಳಿಗೆ ಈ ಪ್ರಾಜೆಕ್ಟ್ ಮಾಡ್ಸಿದೀನಿ, ಎಲ್ರೂ ಅದೇ ಹಳ್ಳಕ್ಕೆ ಬೀಳ್ತಾರೆ. ಅದಕ್ಕೆ ಮೊದಲಿಂದ ಕೊನೆವರೆಗೂ ಒಂದೇ ಕಡೆ ಬರೆದಿಡ್ತಿದೀನಿ. ಬಿ.ಫಾರ್ಮ್, ಎಂ.ಫಾರ್ಮ್, ಕೆಮಿಸ್ಟ್ರಿ ಎಂಎಸ್ಸಿ ಯಾರು ಬೇಕಾದ್ರೂ ಮಾಡ್ಬಹುದು, ದುಬಾರಿ ಮಷೀನ್ ಬೇಕಿಲ್ಲ, ಒಂದು ಯುವಿ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಬೆಳಕು ಹೀರತ್ತೆ ಅಂತ ಅಳೆಯೋದು) ಮತ್ತೆ ಒಂದು ಡಿಸಲ್ಯೂಷನ್ ಅಪರೇಟಸ್ (ಡ್ರಗ್ ಎಷ್ಟು ಬೇಗ ಕರಗಿ ಹೊರಗೆ ಬರತ್ತೆ ಅಂತ ನೋಡೋದು) ಇದ್ರೆ ಸಾಕು. ಲ್ಯಾಬ್‌ನಲ್ಲಿ ಮಾಡಿದ ಬೀಡ್ಸ್ ಲ್ಯಾಬ್‌ನಲ್ಲೇ ಇರ್ಬೇಕು, "ಮಂಡಿ ನೋವಿದೆ, ಒಂದು ನುಂಗಿ ನೋಡ್ಲಾ" ಅಂತ ಒಬ್ಬ ಕೇಳಿದ್ದ, ಬೇಡ.

ಹೈಡ್ರೋಜೆಲ್ ಅಂದ್ರೆ ಕಾಮಕಸ್ತೂರಿ ಬೀಜ ನೆನೆಸಿದ ಹಾಗೆ

ಬೇಸಿಗೇಲಿ ಶರಬತ್ತಿಗೆ ಕಾಮಕಸ್ತೂರಿ ಬೀಜ ನೆನೆ ಹಾಕ್ತೀವಲ್ಲ, ಹತ್ತು ನಿಮಿಷಕ್ಕೆ ಸುತ್ತ ಪಾರದರ್ಶಕವಾಗಿ ಲೋಳೆ ಲೋಳೆ ಕವಚ ಬರತ್ತೆ, ಅದೇ ಹೈಡ್ರೋಜೆಲ್. ಉದ್ದ ಉದ್ದ ಪಾಲಿಮರ್ ಎಳೆಗಳು ಅಲ್ಲಲ್ಲಿ ಒಂದಕ್ಕೊಂದು ಗಂಟು ಹಾಕ್ಕೊಂಡು ಬಲೆ ಥರ ಆಗಿರತ್ತೆ, ನೀರು ಕುಡಿಯತ್ತೆ, ಆದ್ರೆ ಗಂಟಿರೋದ್ರಿಂದ ನೀರಲ್ಲಿ ಕರಗಿ ಹೋಗಲ್ಲ. ಈ ವಿಷಯಕ್ಕೆ ದಾರಿ ಹಾಕಿಕೊಟ್ಟಿದ್ದು ಚೆಕ್ ವಿಜ್ಞಾನಿಗಳಾದ ವಿಖ್ಟರ್ಲೆ ಮತ್ತೆ ಲಿಮ್, 1960ರಲ್ಲಿ. ಅವರ ಜೆಲ್‌ನಿಂದಲೇ ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ಬಂತು, ವಿಖ್ಟರ್ಲೆ 1961ರ ಕ್ರಿಸ್ಮಸ್ ಹೊತ್ತಿಗೆ ಮಕ್ಕಳ ಆಟಿಕೆ ಕಿಟ್‌ನಿಂದ ಮನೇಲೇ ಮಷೀನ್ ಕಟ್ಟಿ ಲೆನ್ಸ್ ಮಾಡಿದ್ರು. ನಮ್ಮ ಲ್ಯಾಬ್‌ನಲ್ಲಿ ಅದಿಲ್ಲ ಇದಿಲ್ಲ ಅಂದಾಗೆಲ್ಲ ನನಗೆ ಅದು ನೆನಪಾಗತ್ತೆ.

"ಸ್ಮಾರ್ಟ್" ಅನ್ನೋ ಮಾತು ಆಮೇಲಿಂದು. 1978ರಲ್ಲಿ ಎಂಐಟಿಯ ತೊಯೊಇಚಿ ತನಾಕಾ, ಜೆಲ್ ಸುತ್ತಲಿನ ವಾತಾವರಣ ಚೂರು ಬದಲಾದ್ರೆ ಅದು ಒಮ್ಮೆಲೇ ಕುಗ್ಗಬಹುದು ಹಿಗ್ಗಬಹುದು ಅಂತ ತೋರಿಸಿದ್ರು. ಬಿಸಿಗೆ ಸ್ಪಂದಿಸೋದು ಒಂದು ಜಾತಿ, ಎನ್-ಐಸೊಪ್ರೊಪೈಲ್ ಆಕ್ರಿಲಮೈಡ್‌ನ ಪಾಲಿಮರ್ ಸುಮಾರು 32 ಡಿಗ್ರಿ ದಾಟಿದ್ರೆ ನೀರು ಬಿಟ್ಟು ಮುದುಡ್ಕೊಳ್ಳತ್ತೆ. ಪೊಲೊಕ್ಸಾಮರ್ 407 ಅದರ ಉಲ್ಟಾ ಅನ್ನೋ ಹಾಗೆ, ಫ್ರಿಜ್‌ನಲ್ಲಿ ನೀರಾಗಿರತ್ತೆ ಮೈ ಬಿಸಿಗೆ ಗಟ್ಟಿಯಾಗತ್ತೆ. ಅಯಾನ್‌ಗೆ ಸ್ಪಂದಿಸೋದು ಇನ್ನೊಂದು, ಗ್ಲಾಕೋಮಾಗೆ ಹಾಕೋ ಒಂದು ಟಿಮೊಲಾಲ್ ಕಣ್ಣಿನ ಡ್ರಾಪ್‌ನಲ್ಲಿ ಜೆಲ್ಲನ್ ಗಮ್ ಇರತ್ತೆ, ಕಣ್ಣೀರಿನ ಉಪ್ಪು ತಾಗಿದ ತಕ್ಷಣ ಜೆಲ್ ಆಗಿ ಕಣ್ಣಲ್ಲೇ ನಿಲ್ಲತ್ತೆ. ಎಲ್ಲ ಹೈಡ್ರೋಜೆಲ್ಲೂ ಸ್ಮಾರ್ಟ್ ಆಗಿರ್ಬೇಕು ಅಂತೇನಿಲ್ಲ ಮತ್ತೆ. ಹೆರಿಗೆ ನೋವು ಬರಿಸೋಕೆ ಇಡೋ 10 ಮಿಗ್ರಾಂ ಡೈನೊಪ್ರೊಸ್ಟೋನ್ ಇನ್ಸರ್ಟ್ ಸುಮ್ನೆ ನೀರು ಕುಡೀತಾ ಗಂಟೆಗೆ ಸುಮಾರು 0.3 ಮಿಗ್ರಾಂನಂತೆ ಬಿಡತ್ತೆ, ಅದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ, ಕೆಲಸ ಮಾತ್ರ ಅಚ್ಚುಕಟ್ಟು. ಸಾಕಾದಾಗ ಎಳೆದು ತೆಗೆಯೋಕೆ ದಾರವೂ ಇರತ್ತೆ. ನಮ್ಮ ಕಡೆ ಈ ಥರ ಪಾಲಿಮರ್ ಕೆಲಸಕ್ಕೆ ಧಾರವಾಡ ಹೆಸರುವಾಸಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ್ ಅಮೀನಭಾವಿಯವರ ಗುಂಪು ಆಲ್ಜಿನೇಟು, ಕೈಟೊಸಾನು, ಗ್ವಾರ್ ಗಮ್ಮು ಎಲ್ಲದ್ರಲ್ಲೂ ರಾಶಿ ರಾಶಿ ಪೇಪರ್ ಮಾಡಿದೆ, ಲಿಟರೇಚರ್ ಸರ್ವೇಗೆ ಕೂತ್ರೆ ಆ ಹೆಸರು ತಪ್ಪಿಸ್ಕೊಳ್ಳೋಕೇ ಆಗಲ್ಲ.

ನಾನು ಆಲ್ಜಿನೇಟ್ ಆರಿಸ್ಕೊಳ್ಳೋಕೆ ಕಾರಣ ಸಿಂಪಲ್. ಅಗ್ಗ, ನೀರಲ್ಲೇ ಕೆಲಸ, ವಿಷಕಾರಿ ಮೊನೊಮರ್ ಇಲ್ಲ, ಬಿಸಿ ಮಾಡೋದು ಬೇಡ, ಹನಿ ಬಿದ್ದ ಕ್ಷಣಕ್ಕೆ ಕಣ್ಣೆದುರೇ ಜೆಲ್ ಆಗತ್ತೆ. ಕಂದು ಬಣ್ಣದ ಕಡಲಕಳೆಯಿಂದ ತೆಗೆಯೋದು, ರಾಮೇಶ್ವರ ಮಂಡಪಂ ಕಡೆ ಸಮುದ್ರದಲ್ಲಿ ಸರ್ಗಾಸಮ್ ಅಂತ ಬೆಳೆಯತ್ತಲ್ಲ ಆ ಜಾತಿ. ಎಳೆಯಲ್ಲಿ ಎರಡು ಥರ ಸಕ್ಕರೆ ಆಮ್ಲ ಇರತ್ತೆ, ಗುಲುರಾನಿಕ್ ಮತ್ತೆ ಮ್ಯಾನುರಾನಿಕ್. ಗುಲುರಾನಿಕ್ ಸಾಲಾಗಿ ಇರೋ ಜಾಗದಲ್ಲಿ ಎಳೆ ಅಂಕುಡೊಂಕಾಗಿ ಗುಂಡಿ ಗುಂಡಿ ಥರ ಇರತ್ತೆ, ಎರಡು ಎಳೆ ಎದುರುಬದುರು ಬಂದು ಮಧ್ಯದ ಗುಂಡಿಗಳಲ್ಲಿ ಕ್ಯಾಲ್ಸಿಯಂ ಕೂತ್ರೆ ಮೊಟ್ಟೆ ಟ್ರೇಲಿ ಮೊಟ್ಟೆ ಕೂತಂಗೆ. 1973ರಿಂದ ಇದಕ್ಕೆ ಎಗ್ ಬಾಕ್ಸ್ ಮಾಡೆಲ್ ಅಂತಾನೇ ಹೆಸರು. ಗುಲುರಾನಿಕ್ ಜಾಸ್ತಿ ಇರೋ ಗ್ರೇಡ್ ಗಟ್ಟಿ, ಬಿರುಸು ಜೆಲ್ ಕೊಡತ್ತೆ, ಮ್ಯಾನುರಾನಿಕ್ ಜಾಸ್ತಿ ಇದ್ರೆ ಮೆತ್ತಗೆ. ಡಬ್ಬಿ ಮೇಲೆ ಗ್ರೇಡು, ಲಾಟ್ ನಂಬರ್ ಎರಡೂ ಬರೆದಿಟ್ಕೊಳ್ಳಿ, ಮಧ್ಯೆ ಡಬ್ಬಿ ಖಾಲಿ ಆಗಿ ಇನ್ನೊಂದು ಕಂಪನಿದು ತಂದ್ರೆ ಹಳೇ ರಿಸಲ್ಟ್‌ಗೂ ಹೊಸದಕ್ಕೂ ತಾಳೆ ಆಗಲ್ಲ.

ಏನೇನು ಬೇಕು

ಸೋಡಿಯಂ ಆಲ್ಜಿನೇಟ್ 1 ಗ್ರಾಂ, ಡೈಕ್ಲೋಫೆನಾಕ್ ಸೋಡಿಯಂ ಪ್ಯೂರ್ ಡ್ರಗ್ 0.5 ಗ್ರಾಂ (ಮಾತ್ರೆ ಪುಡಿ ಮಾಡಿ ಹಾಕ್ಬೇಡಿ, ಅದರ ಎಕ್ಸಿಪಿಯಂಟ್, ಅಂದ್ರೆ ಡ್ರಗ್ ಅಲ್ಲದ ಬೇರೆ ಪುಡಿ ಎಲ್ಲ ಸೇರಿ ಯುವಿ ರೀಡಿಂಗ್ ಕೆಡತ್ತೆ, ಡಿಪಾರ್ಟ್‌ಮೆಂಟ್ ಲೆಟರ್ ಕೊಟ್ರೆ ಕಂಪನಿಗಳು ಗಿಫ್ಟ್ ಸ್ಯಾಂಪಲ್ ಕೊಡ್ತವೆ), ಕ್ಯಾಲ್ಸಿಯಂ ಕ್ಲೋರೈಡ್, ಡಿಸ್ಟಿಲ್ಡ್ ವಾಟರ್, 10 ಎಂಎಲ್ ಸಿರಿಂಜ್, 21 ಗೇಜ್ ನೀಡಲ್, ಮ್ಯಾಗ್ನೆಟಿಕ್ ಸ್ಟಿರರ್, ಓವರ್‌ಹೆಡ್ ಸ್ಟಿರರ್ ಇದ್ರೆ ಇನ್ನೂ ಒಳ್ಳೇದು, ಪಿಎಚ್ ಮೀಟರ್, ಗಾಜಿನ ಪೆಟ್ರಿ ಡಿಶ್‌ಗಳು, ಸಣ್ಣ ಕಣ್ಣಿನ ಪ್ಲಾಸ್ಟಿಕ್ ಟೀ ಸೋಸೋ ಜಾಲರಿ. ಈ ಜಾಲರಿ ಯಾವ ಪ್ರೋಟೋಕಾಲ್‌ನಲ್ಲೂ ಬರೆದಿರಲ್ಲ, ಆದ್ರೆ ಅದಿಲ್ದೆ ಕೆಲಸ ನಡೆಯಲ್ಲ.

ನೀರಿನ ಬಗ್ಗೆ ಒಂದು ಮಾತು. ನಾವು ಓದ್ತಿದ್ದಾಗ ಒಂದಿನ ಡಿಸ್ಟಿಲೇಷನ್ ಯೂನಿಟ್ ಕೆಟ್ಟಿತ್ತು, ಏನಾಗತ್ತೆ ಬಿಡು ಅಂತ ನಲ್ಲಿ ನೀರಲ್ಲೇ ಆಲ್ಜಿನೇಟ್ ಹಾಕ್ದೆ, ಬೋರ್‌ವೆಲ್ ನೀರು. ಇಡೀ ಬೀಕರ್ ಲೋಳೆ ಲೋಳೆ ಗಂಟು, ಹಿಟ್ಟಿನ ಉಂಡೆ ಥರ. ಗಡಸು ನೀರಲ್ಲಿ ಕ್ಯಾಲ್ಸಿಯಂ ಮೊದಲೇ ಇರತ್ತಲ್ಲ, ನಾವು ಹನಿ ಹಾಕೋ ಮೊದ್ಲೇ ಅಲ್ಲಲ್ಲಿ ಜೆಲ್ ಆಗಿಹೋಗಿರತ್ತೆ.

ಹಂತ 1: ಆಲ್ಜಿನೇಟ್ ಕರಗಿಸೋದು

50 ಎಂಎಲ್ ನೀರಿಗೆ 1 ಗ್ರಾಂ, ಅಂದ್ರೆ 2% ದ್ರಾವಣ. ರಾಗಿ ಮುದ್ದೆ ಮಾಡೋರಿಗೆ ಇದು ಹೇಳ್ಕೊಡೋದೇ ಬೇಡ, ಒಟ್ಟಿಗೆ ಸುರಿದ್ರೆ ಗಂಟು ಗ್ಯಾರಂಟಿ, ಹೊರಗೆ ನೆಂದು ಒಳಗೆ ಒಣ ಪುಡಿ ಹಾಗೇ ಇರತ್ತೆ. ಸ್ಟಿರರ್ ಜೋರಾಗಿ ತಿರುಗಿಸಿ ಮಧ್ಯೆ ಸುಳಿ ಬರ್ಲಿ, ಆ ಸುಳಿಯ ಅಂಚಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸ್ತಾ ಹೋಗಿ, ಐದತ್ತು ನಿಮಿಷ ಹಿಡಿಯತ್ತೆ, ಅವಸರ ಬೇಡ. ದ್ರಾವಣ ಗಟ್ಟಿ ಆಗ್ತಾ ಮ್ಯಾಗ್ನೆಟಿಕ್ ಬೀಡ್ ತಿರುಗೋದು ನಿಲ್ಲಿಸಿ ಕುಣಿಯೋಕೆ ಶುರು ಮಾಡತ್ತೆ, ಆಗ ಸ್ಪೀಡ್ ಇಳಿಸಿ ಒಂದೆರಡು ಗಂಟೆ ಬಿಡಿ. ಪೂರ್ತಿ ಕರಗಿದ ಮೇಲೆ ಡ್ರಗ್ 0.5 ಗ್ರಾಂ ಹಾಕಿ ಇನ್ನರ್ಧ ಗಂಟೆ. ಡೈಕ್ಲೋಫೆನಾಕ್‌ಗೆ ಬೆಳಕು ಆಗಲ್ಲ, ಬೀಕರ್‌ಗೆ ಫಾಯಿಲ್ ಸುತ್ತಿ.

ಮುಚ್ಚಿ ರಾತ್ರಿಯೆಲ್ಲ ಇಟ್ಬಿಡಿ, ಗುಳ್ಳೆಗಳೆಲ್ಲ ಮೇಲೆ ಬಂದು ಹೋಗ್ಲಿ. ಗುಳ್ಳೆ ಇದ್ರೆ ಬೀಡ್ ಒಳಗೆ ಗಾಳಿ ಸೇರ್ಕೊಂಡು ಕೆಲವು ಮುಳುಗ್ತವೆ ಕೆಲವು ತೇಲ್ತವೆ, ಡಿಸಲ್ಯೂಷನ್‌ನಲ್ಲಿ ತೇಲಿದ್ದಕ್ಕೂ ಮುಳುಗಿದ್ದಕ್ಕೂ ಬೇರೆ ಬೇರೆ ರೀಡಿಂಗ್.

ಹಂತ 2: ಹನಿ ಹಾಕೋದು

ಕ್ಯಾಲ್ಸಿಯಂ ಬಾತ್, ಅಂದ್ರೆ ಹನಿ ಬೀಳೋ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ, 0.2 ಮೋಲಾರ್ ಸಾಕು. ಇಲ್ಲಿ ಡಬ್ಬಿ ಲೇಬಲ್ ಓದಿ ದಯವಿಟ್ಟು. ಡೈಹೈಡ್ರೇಟ್ ಆದ್ರೆ 100 ಎಂಎಲ್‌ಗೆ 2.94 ಗ್ರಾಂ, ಅನ್‌ಹೈಡ್ರಸ್ ಆದ್ರೆ 2.22 ಗ್ರಾಂ. ಅನ್‌ಹೈಡ್ರಸ್ ನೀರಿಗೆ ಹಾಕಿದ್ರೆ ಬೀಕರ್ ಬೆಚ್ಚಗಾಗತ್ತೆ, ತಣ್ಣಗಾಗೋವರೆಗೂ ಕಾಯಿರಿ.

ಬೂಂದಿ ಕಾಳು ಹಾಕೋದನ್ನ ನೋಡಿದೀರಲ್ಲ, ಹಿಟ್ಟು ತೆಳ್ಳಗಾದ್ರೆ ಚಪ್ಪಟೆ, ಗಟ್ಟಿಯಾದ್ರೆ ಬಾಲ, ಜಾಲರಿ ಎತ್ತರ ಹೆಚ್ಚುಕಮ್ಮಿ ಆದ್ರೂ ಆಕಾರ ಕೆಡತ್ತೆ. ಇಲ್ಲೂ ಸೇಮ್. ನೀಡಲ್ ತುದಿ ದ್ರಾವಣದಿಂದ ಐದಾರು ಸೆಂಟಿಮೀಟರ್ ಮೇಲಿರ್ಲಿ, ನೇರವಾಗಿ ಹಿಡಿಯಿರಿ, ಬಾತ್ ಮೆಲ್ಲಗೆ ತಿರುಗ್ತಿರ್ಲಿ. ಬಾಲ ಬಂದ್ರೆ ಎತ್ತರ ಸ್ವಲ್ಪ ಏರಿಸಿ ಅಥವಾ ಆಲ್ಜಿನೇಟ್ 1.5%ಗೆ ಇಳಿಸಿ, ಚಪ್ಪಟೆ ಬಂದ್ರೆ ಎತ್ತರ ಇಳಿಸಿ. ಮೊದಲ ಹನಿ ಬಿದ್ದಾಗ ನೋಡ್ಬೇಕು ನೀವು, ನೀರಿಗೆ ತಾಗಿದ ಕ್ಷಣ ಅಂಚಲ್ಲಿ ತೆಳು ಪೊರೆ, ಆಮೇಲೆ ಹೊರಗಿಂದ ಒಳಕ್ಕೆ ನಿಧಾನಕ್ಕೆ ಬಿಳಿ ಏರ್ತಾ ಸಬ್ಬಕ್ಕಿ ಕಾಳಿನ ಥರ ಆಗತ್ತೆ.

ಯಾರೂ ಹೇಳದೇ ಇರೋ ಒಂದು ವಿಷಯ ಇಲ್ಲಿದೆ. 21 ಗೇಜ್ ನೀಡಲ್‌ನಿಂದ ಬೀಳೋ ಒಂದು ಹನಿ 13 ಮೈಕ್ರೋಲೀಟರ್ ಆಸುಪಾಸು, ಅಂದ್ರೆ 50 ಎಂಎಲ್‌ಗೆ ಹೆಚ್ಚುಕಮ್ಮಿ 3800 ಹನಿ. ಸೆಕೆಂಡಿಗೊಂದು ಹನಿ ಬಿಟ್ರೂ ಗಂಟೆ ದಾಟತ್ತೆ. "ಬೀಡ್ಸ್ 30 ನಿಮಿಷ ಕ್ಯೂರ್ ಮಾಡಲಾಯಿತು" ಅಂತ ಥೀಸಿಸ್‌ನಲ್ಲಿ ಬರೀತೀವಿ, ನಿಜಕ್ಕೂ ಮೊದಲ ಬೀಡ್ ಒಂದೂವರೆ ಗಂಟೆ ಬಾತ್‌ನಲ್ಲಿ ಕೂತಿರತ್ತೆ, ಕೊನೇದು ಅರ್ಧ ಗಂಟೆ. ಜಾಸ್ತಿ ಹೊತ್ತು ಕೂತಷ್ಟೂ ಡ್ರಗ್ ಹೊರಗೆ ಸೋರತ್ತೆ, ಜೆಲ್ ಗಟ್ಟಿಯಾಗತ್ತೆ, ಒಂದೇ ಬ್ಯಾಚ್‌ನಲ್ಲಿ ಎರಡು ಜಾತಿ ಬೀಡ್ಸ್ ಆಯ್ತು. ಅದಕ್ಕೆ ಐದು ಬೀಕರ್ ಇಟ್ಕೊಂಡು ಒಂದೊಂದಕ್ಕೆ 20 ಎಂಎಲ್ ಬಾತ್, ಒಂದೊಂದು ಸಿರಿಂಜ್ 10 ಎಂಎಲ್, ಒಂದೊಂದಕ್ಕೂ ಕೊನೆ ಹನಿಯಿಂದ 20 ನಿಮಿಷ ಟೈಮರ್. ಸಿರಿಂಜ್ ಪಂಪ್ ಇದ್ರೆ ಪುಣ್ಯ, ಇಲ್ಲಾಂದ್ರೆ ಫ್ರೆಂಡ್ ಒಬ್ಬರನ್ನ ಕರ್ಕೊಳ್ಳಿ, ಹೆಬ್ಬೆರಳು ನೋವು ಬರೋದಂತೂ ಖಂಡಿತ.

ಬಾತ್ ನೀರು ಬೆಳ್ಳಗೆ ಮೋಡ ಮೋಡ ಆದ್ರೆ ಗಾಬರಿ ಬೇಡ, ಸೋರಿದ ಡೈಕ್ಲೋಫೆನಾಕ್ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಉಪ್ಪಾಗಿರತ್ತೆ. ಬೀಡ್ ಒಳಗೂ ಅದೇ ಆಗತ್ತೆ, ಡ್ರಗ್ ಒಳಗೆ ಉಳಿಯೋಕೆ ಅದೂ ಒಂದು ಕಾರಣ. ಇದನ್ನ ನೆನಪಲ್ಲಿಟ್ಕೊಳ್ಳಿ, ಕೊನೇಲಿ ಬೇಕಾಗತ್ತೆ.

ಹಂತ 3: ತೊಳೆಯೋದು, ಒಣಗಿಸೋದು

ಜಾಲರಿಗೆ ಸೋಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ಬೇಗ ಬೇಗ ತೊಳೆದು ಮುಗಿಸಿ, ನೆನೆಸಿಡ್ಬೇಡಿ. ಪೆಟ್ರಿ ಡಿಶ್‌ನಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ 40 ಡಿಗ್ರಿ ಓವನ್‌ನಲ್ಲಿ ತೂಕ ಬದಲಾಗದೇ ನಿಲ್ಲೋವರೆಗೂ ಒಣಗಿಸಿ. ಕಾಗದದ ಮೇಲೆ ಒಣಗಿಸಿದ್ರೆ ಅಂಟ್ಕೊಂಡು ಕಾಗದದ ಸಮೇತ ಬರತ್ತೆ. ಒದ್ದೆ ಇದ್ದಾಗ ಎರಡೂವರೆ ಮಿಲಿಮೀಟರ್ ಮೇಲಿದ್ದದ್ದು ಒಣಗಿದಾಗ ಸಾಸಿವೆ ಕಾಳಿಗಿಂತ ಸ್ವಲ್ಪ ದಪ್ಪ ಆಗಿ ಗಟ್ಟಿ ಕೂತಿರತ್ತೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ.

ಹಂತ 4: ಒಳಗೆ ಎಷ್ಟು ಡ್ರಗ್ ಇದೆ

ಮೊದ್ಲು ಕ್ಯಾಲಿಬ್ರೇಷನ್ ಕರ್ವ್, ಅಂದ್ರೆ ಎಷ್ಟು ಡ್ರಗ್‌ಗೆ ಎಷ್ಟು ಅಬ್ಸಾರ್ಬೆನ್ಸ್ (ಬೆಳಕು ಹೀರೋದು) ಅನ್ನೋ ಗೆರೆ. ಬಫರ್ ಹೇಗೆ ಅಂದ್ರೆ 0.2 ಮೋಲಾರ್ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ (ಲೀಟರಿಗೆ 27.22 ಗ್ರಾಂ) 250 ಎಂಎಲ್, ಅದಕ್ಕೆ 0.2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ (ಲೀಟರಿಗೆ 8 ಗ್ರಾಂ) 112 ಎಂಎಲ್, ನೀರು ಹಾಕಿ 1 ಲೀಟರ್ ಮಾಡಿದ್ರೆ ಪಿಎಚ್ 6.8. ಮೀಟರ್‌ನಲ್ಲಿ ನೋಡಿ ಚೂರು ಸರಿಮಾಡ್ಕೊಳ್ಳಿ. ಈ ಬಫರ್‌ನಲ್ಲಿ ಡ್ರಗ್ 5, 10, 15, 20, 25 ಮೈಕ್ರೋಗ್ರಾಂ ಪ್ರತಿ ಎಂಎಲ್‌ಗೆ ಮಾಡಿ 276 ನ್ಯಾನೋಮೀಟರ್‌ನಲ್ಲಿ ಓದಿ.

ಆಮೇಲೆ 50 ಮಿಗ್ರಾಂ ಬೀಡ್ಸ್ ತೂಗಿ, ಕುಟ್ಟಾಣಿಯಲ್ಲಿ ಪುಡಿ ಮಾಡಿ, 100 ಎಂಎಲ್ ಬಫರ್‌ನಲ್ಲಿ ರಾತ್ರಿಯಿಡೀ ಸ್ಟಿರ್ ಮಾಡಿ, ಸೋಸಿ, ಡೈಲ್ಯೂಟ್ ಮಾಡಿ ಓದಿ. ಅದರಲ್ಲಿ 13.5 ಮಿಗ್ರಾಂ ಡ್ರಗ್ ಸಿಕ್ತು ಅಂದ್ಕೊಳ್ಳಿ, ಹಾಗಾದ್ರೆ ಲೋಡಿಂಗ್ 27%. ಒಣಗಿದ ಬೀಡ್ಸ್ ಒಟ್ಟು ತೂಕ 1.52 ಗ್ರಾಂ ಇದ್ರೆ ಒಟ್ಟು ಡ್ರಗ್ 410 ಮಿಗ್ರಾಂ, ಹಾಕಿದ್ದು 500, ಎನ್‌ಕ್ಯಾಪ್ಸುಲೇಷನ್ ಎಫಿಷಿಯೆನ್ಸಿ 82%. ತುಂಬಾ ಜನ ಲೋಡಿಂಗ್‌ನೇ ಎಫಿಷಿಯೆನ್ಸಿ ಅಂತ ಬರೀತಾರೆ, ಎರಡೂ ಬೇರೆ. ಇನ್ನು ಕೆಲವರು ಬೀಡ್ಸ್ ಮುಟ್ಟೋದೇ ಇಲ್ಲ, ಬಾತ್ ನೀರು ಸೋಸಿ ಓದಿ ಹಾಕಿದ್ದರಲ್ಲಿ ಕಳೀತಾರೆ. ಬಾತ್‌ನ ಆ ಬಿಳಿ ಮೋಡ ಫಿಲ್ಟರ್‌ನಲ್ಲೇ ಉಳಿದಿರತ್ತಲ್ಲ, ಅದು ಲೆಕ್ಕಕ್ಕೇ ಬರಲ್ಲ, ಎಫಿಷಿಯೆನ್ಸಿ 97, 98 ಅಂತ ಬಂದು ಎಲ್ರೂ ಖುಷಿ.

ಡ್ರಗ್ ಹಾಕದ ಖಾಲಿ ಬೀಡ್ಸ್ ಒಂದು ಬ್ಯಾಚ್ ಮಾಡ್ಲೇಬೇಕು. ಅದನ್ನೂ ಹೀಗೇ ಕರಗಿಸಿ ಓದಿ, ಆಲ್ಜಿನೇಟಿಂದ ಬರೋ ಅಬ್ಸಾರ್ಬೆನ್ಸ್ ಎಷ್ಟು ಅಂತ ಗೊತ್ತಾಗತ್ತೆ, ಅದನ್ನ ಕಳೀರಿ.

ಹಂತ 5: ಉಬ್ಬೋದು ನೋಡೋದು

ಇದು ನನಗೆ ತುಂಬಾ ಇಷ್ಟದ ಹಂತ, ಯಾಕಂದ್ರೆ ಮಷೀನ್ ಬೇಡ, ಕಣ್ಣು ಸಾಕು. ಗೊತ್ತಿರೋ ತೂಕದ ಬೀಡ್ಸ್ ಒಂದು ಸೆಟ್ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆ್ಯಸಿಡ್‌ಗೆ (ಕಾನ್ಸಂಟ್ರೇಟೆಡ್ ಆ್ಯಸಿಡ್ 8.5 ಎಂಎಲ್ ಲೀಟರಿಗೆ, ನೀರಿಗೆ ಆ್ಯಸಿಡ್ ಹಾಕಿ, ಆ್ಯಸಿಡ್‌ಗೆ ನೀರಲ್ಲ), ಇನ್ನೊಂದು ಸೆಟ್ 6.8 ಬಫರ್‌ಗೆ. ಅರ್ಧರ್ಧ ಗಂಟೆಗೆ ತೆಗೆದು ಫಿಲ್ಟರ್ ಪೇಪರ್‌ನಲ್ಲಿ ಮೆಲ್ಲಗೆ ಒತ್ತಿ ತೂಗಿ. ಹೆಚ್ಚಾದ ತೂಕವನ್ನ ಮೊದಲ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಸ್ವೆಲಿಂಗ್ ಇಂಡೆಕ್ಸ್.

ಆ್ಯಸಿಡ್‌ನಲ್ಲಿ ಬೀಡ್ ಹೆಚ್ಚೇನೂ ಬದಲಾಗಲ್ಲ, ಬೆಳ್ಳಗೆ ಗಟ್ಟಿಗೆ ಕೂತಿರತ್ತೆ. ಆಲ್ಜಿನೇಟ್‌ನ ಕಾರ್ಬಾಕ್ಸಿಲ್ ಗುಂಪಿನ ಪಿಕೆಎ (ಯಾವ ಪಿಎಚ್‌ಗಿಂತ ಕೆಳಗೆ ಹೈಡ್ರೋಜನ್ ಹಿಡ್ಕೊಳ್ಳತ್ತೆ ಅನ್ನೋ ಸಂಖ್ಯೆ) 3.4ರಿಂದ 3.7 ಆಸುಪಾಸು, ಪಿಎಚ್ 1.2ರಲ್ಲಿ ಅವಕ್ಕೆಲ್ಲ ಹೈಡ್ರೋಜನ್ ಅಂಟ್ಕೊಂಡು ಚಾರ್ಜ್ ಹೋಗತ್ತೆ, ಎಳೆಗಳು ಒಂದನ್ನೊಂದು ದೂಡೋದು ನಿಲ್ಲಿಸ್ತವೆ, ಮುದುಡ್ಕೊಳ್ತವೆ. ಕ್ಯಾಲ್ಸಿಯಂ ನಿಧಾನಕ್ಕೆ ಹೊರಗೆ ಹೋಗ್ತಿರತ್ತೆ, ಆದ್ರೂ ಆಲ್ಜಿನಿಕ್ ಆ್ಯಸಿಡ್ ನೀರಲ್ಲಿ ಕರಗಲ್ಲ ಅನ್ನೋದ್ರಿಂದ ಬೀಡ್ ಬೀಡ್ ಆಗೇ ಉಳಿಯತ್ತೆ. ಎದೆಯುರಿಗೆ ಕುಡಿಯೋ ಗ್ಯಾವಿಸ್ಕಾನ್‌ನಲ್ಲೂ ಆಲ್ಜಿನೇಟೇ ಇರೋದು, ಹೊಟ್ಟೆಯ ಆ್ಯಸಿಡ್ ತಾಗಿ ಜೆಲ್ ಆಗಿ ಬೈಕಾರ್ಬೊನೇಟ್‌ನ ಗುಳ್ಳೆ ಹಿಡ್ಕೊಂಡು ಮೇಲೆ ತೆಪ್ಪದ ಥರ ತೇಲತ್ತೆ.

ಬಫರ್‌ನಲ್ಲಿ ಬೇರೇನೇ ನಾಟಕ. ಮೊದ್ಲು ಉಬ್ಬತ್ತೆ, ಉಬ್ಬುತ್ತಾ ಅಂಚಿಂದ ಪಾರದರ್ಶಕ ಆಗತ್ತೆ, ದ್ರಾಕ್ಷಿ ತಿರುಳಿನ ಹಾಗೆ, ಆಮೇಲೆ ಮೇಲ್ಮೈ ಸುಲಿದು ಸುಲಿದು ಹೋಗಿ ಕೊನೆಗೆ ಎತ್ತೋಕೆ ಹೋದ್ರೆ ಸ್ಪಾಚುಲಾದಿಂದ ಜಾರಿ ಲೋಳೆಯಾಗತ್ತೆ. ನೀರು ಸ್ವಲ್ಪ ಮಬ್ಬಾಗಿದ್ರೆ ಅದು ಕ್ಯಾಲ್ಸಿಯಂ ಫಾಸ್ಫೇಟ್. ಇಲ್ಲಿ ಒಂದು ಸೂಕ್ಷ್ಮ ಇದೆ, ಜೆಲ್ ಒಡೆಯೋದು ಬರೀ ಪಿಎಚ್‌ನಿಂದ ಅಲ್ಲ. ಫಾಸ್ಫೇಟ್ ಕ್ಯಾಲ್ಸಿಯಂನ ಕಿತ್ಕೊಳ್ಳತ್ತೆ, ಸೋಡಿಯಂ, ಪೊಟ್ಯಾಸಿಯಂ ಆ ಜಾಗಕ್ಕೆ ಬಂದು ಕೂರ್ತವೆ, ಮೊಟ್ಟೆ ಹೋದ್ಮೇಲೆ ಟ್ರೇ ಬಿಚ್ಕೊಳ್ಳತ್ತೆ. ಅನುಮಾನ ಇದ್ರೆ ಅದೇ ಪಿಎಚ್‌ನ ಟ್ರಿಸ್ ಬಫರ್ ತಗೊಂಡು ಸ್ವಲ್ಪ ಕ್ಯಾಲ್ಸಿಯಂ ಸೇರಿಸಿ ಅದರಲ್ಲಿ ಬೀಡ್ಸ್ ಹಾಕಿ ನೋಡಿ, ಪಿಎಚ್ 6.8 ಇದ್ರೂ ಬೀಡ್ ಗಟ್ಟಿಯಾಗೇ ಇರತ್ತೆ.

ಹಂತ 6: ರಿಲೀಸ್

ಡಿಸಲ್ಯೂಷನ್ ಅಪರೇಟಸ್‌ಗೆ ಪ್ಯಾಡಲ್ ಹಾಕಿ, 50 ಆರ್‌ಪಿಎಂ, 37 ಡಿಗ್ರಿ, ಅರ್ಧ ಡಿಗ್ರಿ ಆಚೀಚೆ. ಬಾಸ್ಕೆಟ್ ನನಗೆ ಇಷ್ಟ ಆಗಲ್ಲ, ಉಬ್ಬಿದ ಜೆಲ್ ಅದರ ಜಾಲರಿಗೆ ಅಂಟ್ಕೊಂಡು ತೂತು ಮುಚ್ಚತ್ತೆ, ರಿಲೀಸ್ ನಿಧಾನ ಆಯ್ತು ಅಂತ ಬರೀತೀವಿ, ಆಗಿರೋದು ಬಾಸ್ಕೆಟ್ ಬ್ಲಾಕು. 25 ಮಿಗ್ರಾಂ ಡ್ರಗ್‌ಗೆ ಎಷ್ಟು ಬೀಡ್ಸ್? ಲೋಡಿಂಗ್ 27% ಆದ್ರೆ 92.6 ಮಿಗ್ರಾಂ. ಲೆಕ್ಕದ ಲೋಡಿಂಗ್ 33% ಹಿಡ್ಕೊಂಡು 75 ಮಿಗ್ರಾಂ ಹಾಕಿದ್ರೆ ಕೊನೆಗೆ ರಿಲೀಸ್ 80ಕ್ಕೇ ನಿಂತು "ಉಳಿದದ್ದು ಜೆಲ್‌ನಲ್ಲಿ ಸಿಕ್ಕಿಕೊಂಡಿದೆ" ಅಂತ ಕಥೆ ಕಟ್ಟಬೇಕಾಗತ್ತೆ.

ಮೊದಲ 2 ಗಂಟೆ 900 ಎಂಎಲ್ ಆ್ಯಸಿಡ್, ಆಮೇಲೆ ಜಾಲರಿಗೆ ಸೋಸಿ ಬೀಡ್ಸ್ ಅಷ್ಟನ್ನೂ ಮೊದಲೇ 37 ಡಿಗ್ರಿಗೆ ಬಿಸಿ ಮಾಡಿಟ್ಟ 900 ಎಂಎಲ್ ಬಫರ್‌ಗೆ. ಆರು ವೆಸೆಲ್‌ಗೆ 5.4 ಲೀಟರ್ ಬೇಕು, ಬದಲಿಗೆ ಹಾಕೋಕೂ ಸೇರಿ 6 ಲೀಟರ್ ಮಾಡ್ಕೊಂಡಿರಿ, ಮಧ್ಯದಲ್ಲಿ ಬಫರ್ ಮಾಡ್ತಾ ಕೂತ್ರೆ ಕೆಟ್ಟಿರಿ. 15, 30, 45, 60 ನಿಮಿಷ, ಆಮೇಲೆ ಗಂಟೆಗೊಂದು ಸಲ 5 ಎಂಎಲ್ ತೆಗೆದು ಅಷ್ಟೇ ಬಿಸಿ ಬಫರ್ ವಾಪಸ್ ಹಾಕಿ, 0.45 ಮೈಕ್ರಾನ್ ಫಿಲ್ಟರ್, 276ರಲ್ಲಿ ಓದಿ.

ಲೆಕ್ಕ ಒಂದ್ಸಲ ತೋರಿಸ್ತೀನಿ. ಕರ್ವ್‌ನ ಸ್ಲೋಪ್ 0.03 ಬಂದಿದೆ, ಮೂರನೇ ಸ್ಯಾಂಪಲ್ ಅಬ್ಸಾರ್ಬೆನ್ಸ್ 0.45 ಅಂತಿಟ್ಕೊಳ್ಳಿ. ಎಂಎಲ್‌ಗೆ 15 ಮೈಕ್ರೋಗ್ರಾಂ, 900ರಿಂದ ಗುಣಿಸಿದ್ರೆ 13.5 ಮಿಗ್ರಾಂ. ಹಿಂದಿನ ಎರಡು ಸ್ಯಾಂಪಲ್ ಎಂಎಲ್‌ಗೆ 4 ಮತ್ತೆ 9 ಮೈಕ್ರೋಗ್ರಾಂ ಇದ್ವು, ಅವುಗಳ ಜೊತೆ ನಾವು ಹೊರಗೆ ತೆಗೆದದ್ದು 13 ಇಂಟು 5, ಅಂದ್ರೆ 65 ಮೈಕ್ರೋಗ್ರಾಂ, ಅದನ್ನೂ ಸೇರಿಸಿದ್ರೆ 13.565 ಮಿಗ್ರಾಂ. 25ಕ್ಕೆ 54.3%. ತಿದ್ದುಪಡಿ ಸಣ್ಣದು, ಆದ್ರೆ ವೈವಾದಲ್ಲಿ ಕೇಳೇ ಕೇಳ್ತಾರೆ.

ಕೈನೆಟಿಕ್ಸ್ (ರಿಲೀಸ್ ವೇಗದ ಲೆಕ್ಕ) ಬಗ್ಗೆ ಚಿಕ್ಕದಾಗಿ. ಸಾಫ್ಟ್‌ವೇರ್‌ಗೆ ಡೇಟಾ ಹಾಕಿ ಐದು ಮಾಡೆಲ್ ಫಿಟ್ ಮಾಡಿ ಯಾವುದರಲ್ಲಿ ಆರ್ ಸ್ಕ್ವೇರ್ (ಗೆರೆ ಡೇಟಾಗೆ ಎಷ್ಟು ಹೊಂದತ್ತೆ ಅನ್ನೋ ಅಂಕಿ) ಜಾಸ್ತಿ ಬಂತೋ ಅದೇ ಮೆಕ್ಯಾನಿಸಂ ಅನ್ನೋದು ನಮ್ಮಲ್ಲಿ ಸಂಪ್ರದಾಯ ಆಗ್ಬಿಟ್ಟಿದೆ. ಕೋರ್ಸ್‌ಮೇಯರ್-ಪೆಪ್ಪಸ್ ಮಾಡೆಲ್ (ರಿಲೀಸ್ ಸಮಯದ ಎನ್ ಘಾತಕ್ಕೆ ತಕ್ಕಂತೆ ಏರತ್ತೆ ಅನ್ನೋದು) ಮೊದಲ 60% ರಿಲೀಸ್‌ಗಷ್ಟೇ ಸಲ್ಲತ್ತೆ, ಗೋಲಾಕಾರಕ್ಕೆ ಎನ್ ಬೆಲೆ 0.43 ಇದ್ರೆ ಬರೀ ಡಿಫ್ಯೂಷನ್, 0.85 ಇದ್ರೆ ಪಾಲಿಮರ್ ಸಡಿಲ ಆಗೋದ್ರಿಂದ, ಮಧ್ಯೆ ಇದ್ರೆ ಎರಡೂ. 0.5 ಮತ್ತೆ 1 ಅನ್ನೋದು ತೆಳು ಹಾಳೆಗೆ, ಬೀಡ್ಸ್‌ಗಲ್ಲ. ಆ್ಯಸಿಡ್ ಭಾಗ, ಬಫರ್ ಭಾಗ ಎರಡನ್ನೂ ಸೇರಿಸಿ ಒಂದೇ ಗೆರೆಗೆ ಫಿಟ್ ಮಾಡೋದಂತೂ ಅರ್ಥವೇ ಇಲ್ಲದ ಕೆಲಸ. ರಿಲೀಸ್ ಇನ್ನೂ ನಿಧಾನ ಬೇಕಾದ್ರೆ 1% ಅಸಿಟಿಕ್ ಆ್ಯಸಿಡ್‌ನಲ್ಲಿ 0.2ರಿಂದ 0.5% ಕೈಟೊಸಾನ್ ಕರಗಿಸಿ ಒದ್ದೆ ಬೀಡ್ಸ್ ಹತ್ತು ನಿಮಿಷ ಅದ್ದಿ ತೆಗೀರಿ, ಪ್ಲಸ್ ಚಾರ್ಜಿನ ಕೈಟೊಸಾನ್ ಮೈನಸ್ ಚಾರ್ಜಿನ ಆಲ್ಜಿನೇಟ್ ಮೇಲೆ ಪೊರೆ ಕಟ್ಟತ್ತೆ.

ಹಂತ 7: ಜೆಲ್ ಸ್ಮಾರ್ಟಾ, ಡ್ರಗ್ ಸ್ಮಾರ್ಟಾ

ಈಗ ನನ್ನ ವೈವಾ ಪ್ರಶ್ನೆಗೆ ಬರೋಣ. ಒಂದು ವೆಸೆಲ್‌ಗೆ ಬೀಡ್ಸ್ ಬದಲು 25 ಮಿಗ್ರಾಂ ಡ್ರಗ್ ಪೌಡರ್ ಹಾಗೇ ಹಾಕಿ ಅದೇ 2 ಗಂಟೆ ಆ್ಯಸಿಡ್‌ನಲ್ಲಿ ಓಡಿಸಿ, ಬಫರ್‌ನಲ್ಲೂ ಬೇರೆ ಒಂದು ವೆಸೆಲ್ ಓಡಿಸಿ. ಆ್ಯಸಿಡ್ ಗೆರೆ ಹೆಚ್ಚುಕಮ್ಮಿ ಬೀಡ್ಸ್‌ನ ಗೆರೆ ಥರಾನೇ ನೆಲ ಕಚ್ಚಿರತ್ತೆ. ಡೈಕ್ಲೋಫೆನಾಕ್‌ನ ಪಿಕೆಎ ಸುಮಾರು 4, ಪಿಎಚ್ 1.2ರಲ್ಲಿ ಅದು ಆ್ಯಸಿಡ್ ರೂಪಕ್ಕೆ ಹೋಗಿ ಕರಗದೇ ಪುಡಿಯಾಗಿ ಕೂರತ್ತೆ. ಇನ್ನೂ ಮಜಾ ಅಂದ್ರೆ ಬೀಡ್‌ನಿಂದ ಡ್ರಗ್ ಹೊರಗೆ ಬಂದಿದ್ರೂ ನಮಗೆ ಗೊತ್ತಾಗಲ್ಲ, ಹೊರಗೆ ಬಂದದ್ದು ಪುಡಿಯಾಗಿ ಫಿಲ್ಟರ್‌ನಲ್ಲಿ ಉಳಿಯತ್ತೆ, ಯುವಿಗೆ ಕಾಣೋದು ಕರಗಿದ್ದು ಮಾತ್ರ. ಸಿಂಕ್ ಕಂಡಿಷನ್ ಅಂತ ಓದಿರ್ತೀವಲ್ಲ, ಡ್ರಗ್ ಪೂರ್ತಿ ಕರಗೋಕೆ ಬೇಕಾದ್ದಕ್ಕಿಂತ ಕನಿಷ್ಠ ಮೂರು ಪಟ್ಟು ದ್ರವ ಇರ್ಬೇಕು ಅಂತ, ಇಲ್ಲಿ ಅದು ಇರೋದೇ ಇಲ್ಲ. ಹಾಗಾಗಿ ಡೈಕ್ಲೋಫೆನಾಕ್ ಒಂದರ ಗ್ರಾಫ್ ನೋಡಿ ಜೆಲ್ ಆ್ಯಸಿಡ್‌ನಲ್ಲಿ ಬಾಗಿಲು ಮುಚ್ಚಿತ್ತು ಅನ್ನೋಕೆ ಆಗಲ್ಲ.

ಅದಕ್ಕೆ ಇನ್ನೆರಡು ಬ್ಯಾಚ್ ಮಾಡಿ, ಎರಡರಲ್ಲೂ ಒಳಗಿರೋದು ಆ್ಯಸಿಡ್‌ನಲ್ಲೂ ಬಫರ್‌ನಲ್ಲೂ ಚೆನ್ನಾಗಿ ಕರಗೋ ವಸ್ತು.

ಒಂದಕ್ಕೆ ಪ್ಯಾರಾಸಿಟಮಾಲ್, 243 ನ್ಯಾನೋಮೀಟರ್‌ನಲ್ಲಿ ಓದ್ಬಹುದು, ಕರ್ವ್ ಆ್ಯಸಿಡ್‌ನಲ್ಲೇ ಬೇರೆ ಮಾಡ್ಕೊಳ್ಳಿ. ಕ್ಯಾಲ್ಸಿಯಂ ಬಾತ್‌ನಲ್ಲೇ ಇದರ ದೊಡ್ಡ ಪಾಲು ಸೋರಿ ಹೋಗತ್ತೆ, ಎಫಿಷಿಯೆನ್ಸಿ ನೋಡಿ ಅಳು ಬರತ್ತೆ, ಪರವಾಗಿಲ್ಲ. ಉಳಿದದ್ದು ಆ್ಯಸಿಡ್‌ನಲ್ಲೂ ಸರಸರ ಹೊರಗೆ ಬರತ್ತೆ. ಪ್ಯಾರಾಸಿಟಮಾಲ್ ಅಣುತೂಕ 151 ಅಷ್ಟೆ, ಆಲ್ಜಿನೇಟ್ ಬಲೆ ಕಣ್ಣಿಗೆ ಅದು ಸೊಳ್ಳೆ ಪರದೆಯಲ್ಲಿ ಸಾಸಿವೆ ಅಲ್ಲ, ಮೀನು ಬಲೆಯಲ್ಲಿ ಸಾಸಿವೆ. ಮುದುಡಿದ ಬಲೆಯೂ ಅದನ್ನ ಹಿಡಿಯಲ್ಲ.

ಇನ್ನೊಂದಕ್ಕೆ ಬ್ಲೂ ಡೆಕ್ಸ್‌ಟ್ರಾನ್, ಅಣುತೂಕ 20 ಲಕ್ಷದ ಆಸುಪಾಸು, ಕಾಲಮ್ ಕ್ರೊಮ್ಯಾಟೊಗ್ರಫಿ ಮಾಡೋ ಬಯೋಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್‌ನವರ ಹತ್ರ ಇರತ್ತೆ, 50 ಮಿಗ್ರಾಂ ಕೇಳಿ ಇಸ್ಕೊಳ್ಳಿ. 10 ಎಂಎಲ್ ಆಲ್ಜಿನೇಟ್ ದ್ರಾವಣಕ್ಕೆ ಹಾಕಿ ಅದೇ ಥರ ಬೀಡ್ಸ್ ಮಾಡಿ, ರೀಡಿಂಗ್ 620 ನ್ಯಾನೋಮೀಟರ್. ಇದಕ್ಕೆ ದೊಡ್ಡ ವೆಸೆಲ್ ಬೇಡ, 50 ಎಂಎಲ್ ಕೋನಿಕಲ್ ಫ್ಲಾಸ್ಕ್, ಶೇಕರ್ ಇದ್ರೆ ಆಯ್ತು. ಆ್ಯಸಿಡ್‌ನಲ್ಲಿ 2 ಗಂಟೆ ನೀರು ತಿಳಿಯಾಗಿ, ತಳದಲ್ಲಿ ಕಡು ನೀಲಿ ಕಾಳುಗಳು ಹಾಗೇ ಕೂತಿರ್ತವೆ. ಬಫರ್‌ಗೆ ಹಾಕಿದ ಮೇಲೆ ಕಾಳು ಉಬ್ಬಿ ತಿಳಿ ನೀಲಿ ಆಗತ್ತೆ, ಅಂಚು ಸುಲಿಯೋಕೆ ಶುರು ಆದಾಗ ಒಂದೊಂದರಿಂದಲೂ ಹೊಗೆ ಥರ ನೀಲಿ ಎಳೆ ಎದ್ದು ನೀರೆಲ್ಲ ಹರಡ್ಕೊಳ್ಳತ್ತೆ. ಬಾಗಿಲು ತೆಗೆಯೋದು ಅಂದ್ರೆ ಇದು, ಮತ್ತೆ ಇದು ಪೂರ್ತಿ ಜೆಲ್‌ದೇ ಕೆಲಸ, ಯಾಕಂದ್ರೆ ಡೆಕ್ಸ್‌ಟ್ರಾನ್‌ಗೆ ಎರಡು ಪಿಎಚ್‌ನಲ್ಲೂ ಕರಗೋಕೆ ಅಡ್ಡಿ ಇಲ್ಲ.

ನಾಲ್ಕೂ ಗೆರೆ ಒಂದೇ ಗ್ರಾಫ್‌ನಲ್ಲಿ ಹಾಕಿ: ಡೈಕ್ಲೋಫೆನಾಕ್ ಬೀಡ್ಸ್, ಬರೀ ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್ ಬೀಡ್ಸ್, ಬ್ಲೂ ಡೆಕ್ಸ್‌ಟ್ರಾನ್ ಬೀಡ್ಸ್. ಆಗ ಬರೆಯೋಕೆ ನಿಜವಾದ ಮಾತಿರತ್ತೆ. ಪ್ರೋಟೀನ್ ಥರದ ದೊಡ್ಡ ಅಣುವನ್ನ ಈ ಜೆಲ್ ಹೊಟ್ಟೆ ದಾಟಿಸಬಹುದು, ಸಣ್ಣ ಕರಗೋ ಡ್ರಗ್‌ನ ಹಿಡಿಯಲ್ಲ, ಡೈಕ್ಲೋಫೆನಾಕ್ ವಿಷಯದಲ್ಲಿ ಆ್ಯಸಿಡ್ ಭಾಗದ ಸೊನ್ನೆ ಬಹುಪಾಲು ಡ್ರಗ್‌ದೇ, ಬಫರ್‌ನಲ್ಲಿ ಪೌಡರ್ ಗೆರೆಗೂ ಬೀಡ್ಸ್ ಗೆರೆಗೂ ಮಧ್ಯೆ ಎಷ್ಟು ಅಂತರ ಇದೆಯೋ ಅಷ್ಟು ಮಾತ್ರ ಬೀಡ್‌ದು, ಅದರಲ್ಲೂ ಒಂದು ಪಾಲು ಹಂತ 2ರ ಆ ಕರಗದ ಕ್ಯಾಲ್ಸಿಯಂ ಉಪ್ಪಿಂದು. ಹೋದ ವರ್ಷ ನನ್ನ ಜ್ಯೂನಿಯರ್ ಒಬ್ಬಳು ಆ ನೀಲಿ ಫ್ಲಾಸ್ಕ್‌ನ ವೈವಾ ಟೇಬಲ್ ಮೇಲೇ ಇಟ್ಟಿದ್ಲು, ಪಕ್ಕದಲ್ಲಿ ಆ್ಯಸಿಡ್‌ನ ತಿಳಿ ಫ್ಲಾಸ್ಕ್. ಎಕ್ಸಾಮಿನರ್ ಎರಡನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿ, ಗ್ರಾಫ್ ಪುಟಕ್ಕೆ ಹೋದ್ರಂತೆ.